ಮನಿಲಾಕ್ಕೆ ಮುನ್ನ ಕಾರವಾರ

ಫಿಲಿಪ್ಪೀನ್ಸ್ ದೇಶ 2025ರ ಜೂನ್ 8ರಿಂದ ಭಾರತೀಯ ಪ್ರವಾಸಿಗಳಿಗೆ ವೀಸಾ ಬೇಕಿಲ್ಲವೆಂದು ಸಾರಿತು. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಆಯುಷ್ಯ ಇರಬೇಕು, ಮರಳಿ ಬರುವ ಟಿಕೇಟು ಕೈಯಲ್ಲಿರಬೇಕು, ಉಳಿಯುವ ಜಾಗ ಗೊತ್ತಾಗಿರಬೇಕು, ಖರ್ಚಿಗೆ ಹಣ ಉಂಟೆಂದು ತೋರಿಸಬೇಕು. ಇಷ್ಟಿದ್ದರೆ 14 ದಿನ ಆ ದೇಶದಲ್ಲಿ ತಿರುಗಾಡಬಹುದು. ಅದೇ ವರ್ಷ ಅಕ್ಟೋಬರ್ 1ರಂದು ದಿಲ್ಲಿಯಿಂದ ಮನಿಲಾಕ್ಕೆ ಏರ್ ಇಂಡಿಯಾದ ನೇರ ವಿಮಾನವೂ ಆರಂಭವಾಯಿತು.

ಇಂಥ ಸುದ್ದಿ ಸುರತ್ಕಲ್‌ನಂಥ ಊರಿಗೆ ತಲುಪಿದರೆ ಸುಮ್ಮನೆ ಕೂರುವುದಿಲ್ಲ. ಮಂಗಳೂರಿನಿಂದ ಉತ್ತರಕ್ಕೆ ಹದಿನೈದು ಕಿಲೋಮೀಟರು ದೂರದ ಈ ಊರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಇರುವುದೇ ಕಡಲ ದಂಡೆಯಲ್ಲಿ. 1960ರಲ್ಲಿ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ಎಂದು ಹುಟ್ಟಿ, ಜನರ ಬಾಯಲ್ಲಿ ಕೆಆರ್‌ಇಸಿ ಎನಿಸಿ, 2002ರಲ್ಲಿ ಎನ್‌ಐಟಿಕೆ ಎಂದು ಹೆಸರು ಬದಲಿಸಿಕೊಂಡ ಈ ಸಂಸ್ಥೆಯ ಹಾಸ್ಟೆಲುಗಳಲ್ಲಿ ದೇಶದ ಎಲ್ಲ ಮೂಲೆಗಳ ಹುಡುಗ ಹುಡುಗಿಯರು ಇದ್ದಾರೆ. ಸಂಜೆ ಹೊತ್ತು ಹೆದ್ದಾರಿ ದಾಟಿ ಪಶ್ಚಿಮಕ್ಕೆ ನಡೆದರೆ ಕಣ್ಣೆದುರಿಗೆ ನೀರು, ನೀರಿನಾಚೆ ಹಡಗಿನ ದೀಪ. ಪಣಂಬೂರಿನ ಬಂದರಿಗೆ ಬರುವ ಹಡಗುಗಳವು. ಹತ್ತೊಂಬತ್ತು ಇಪ್ಪತ್ತರ ಪ್ರಾಯದಲ್ಲಿ ದಿನಾಲೂ ಈ ನೋಟ ನೋಡಿದವರಿಗೆ ಎಲ್ಲಿಗಾದರೂ ಹೋಗಬೇಕು ಅನಿಸದಿದ್ದರೆ ಆಶ್ಚರ್ಯ.

ಹೋಗಬೇಕು ಎನ್ನುವುದಕ್ಕೆ ಮನೆಯವರ ತಕರಾರಿಲ್ಲ. ತಕರಾರು ಬರುವುದು ‘ಒಬ್ಬನೇ’ ಎಂಬ ಶಬ್ದಕ್ಕೆ. ‘ಒಬ್ಬನೇ ಹೋಗಿ ಎಂತ ಮಾಡ್ಲಿಕ್ಕುಂಟು? ನಾಲ್ಕು ಜನ ಸೇರಿ ಹೋಗಿ’ ಎಂದು ಅಪ್ಪ. ‘ಅಲ್ಲಿ ಊಟಕ್ಕೆ ಎಂತ ಮಾಡ್ತಿ? ಜ್ವರ ಬಂದ್ರೆ ಯಾರು ನೋಡುವುದು?’ ಎಂದು ಅಮ್ಮ. ಹೋಗುವವಳು ಮಗಳಾದರೆ ಪ್ರಶ್ನೆಗಳೂ ಇಲ್ಲ, ‘ಆಗುವುದಿಲ್ಲ’ ಎಂಬ ಒಂದೇ ಮಾತು. ಮಕ್ಕಳು ಇದನ್ನು ಹಳೆಯ ಕಾಲದ ಹೆದರಿಕೆ ಎಂದು ನಗಬಹುದು. ಆದರೆ ಈ ಪ್ರಶ್ನೆಗಳಲ್ಲಿ ಒಂದೂ ಅಸಂಬದ್ಧವಲ್ಲ. ಜ್ವರ ಬಂದರೆ ಯಾರು ನೋಡುವುದು ಎಂಬುದಕ್ಕೆ ಉತ್ತರ ಇಲ್ಲದವರು ವಿಮಾನ ಹತ್ತದಿರುವುದೇ ಒಳ್ಳೆಯದು. ಉತ್ತರವನ್ನು ಕಲಿಯುವುದಕ್ಕೆ ಮನಿಲಾವೇ ಆಗಬೇಕೆಂದಿಲ್ಲ ಎನ್ನುವುದು ಇಲ್ಲಿನ ಮಾತು. ಸುರತ್ಕಲ್ ಸ್ಟೇಶನ್ನಿನಲ್ಲಿ ಉತ್ತರಕ್ಕೆ ಹೋಗುವ ರೈಲು ಹತ್ತಿ ಕಾರವಾರದ ತನಕ, ನಾಲ್ಕೈದು ಊರುಗಳಲ್ಲಿ ಇಳಿಯುತ್ತ ಹತ್ತುತ್ತ, ಒಂದು ವಾರ ಒಬ್ಬರೇ ತಿರುಗಿ ಬಂದರೆ ಆ ಪಾಠದ ಮುಕ್ಕಾಲು ಪಾಲು ಮುಗಿದಿರುತ್ತದೆ.

ಗುಂಪು ಎಂಬ ಭರವಸೆ

ನಾಲ್ಕು ಜನ ಇದ್ದರೆ ಅಪಾಯ ಕಡಿಮೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಕಳ್ಳಕಾಕರ ಮಟ್ಟಿಗೆ ಅದು ನಿಜವೂ ಹೌದು. ಆದರೆ ಕರಾವಳಿಯಲ್ಲಿ ಪ್ರವಾಸಿಗಳ ಜೀವ ತೆಗೆಯುವುದು ಹೆಚ್ಚಾಗಿ ಕಳ್ಳನಲ್ಲ, ಕಡಲು. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಕೋಲಾರ ಜಿಲ್ಲೆಯಿಂದ ಮುರ್ಡೇಶ್ವರಕ್ಕೆ ಬಂದಿದ್ದ ತಂಡದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಜೊತೆಯಲ್ಲಿ ಬಸ್ಸು ತುಂಬ ಮಕ್ಕಳಿದ್ದರು, ಅಧ್ಯಾಪಕರಿದ್ದರು. ಗುಂಪಿನಲ್ಲಿ ಒಬ್ಬರು ನೀರಿಗಿಳಿದರೆ ಉಳಿದವರಿಗೆ ಧೈರ್ಯ ಬರುತ್ತದೆ, ಒಬ್ಬರಿಗೊಬ್ಬರು ಸವಾಲು ಹಾಕುತ್ತಾರೆ, ಫೋಟೋ ಬೇಕಾಗುತ್ತದೆ. ಒಂಟಿಯಾಗಿ ಹೋದವನಿಗೆ ಸವಾಲು ಹಾಕುವವರಿಲ್ಲ.

ನೀರಿನ ವಿಷಯ ಬಂದುದರಿಂದ ಇದನ್ನು ಇಲ್ಲೇ ಹೇಳಿಬಿಡಬೇಕು. ದಡಕ್ಕೆ ಬಂದ ಅಲೆಗಳ ನೀರು ಹಿಂದಕ್ಕೆ ಹೋಗಲು ಒಂದು ದಾರಿ ಹುಡುಕಿಕೊಳ್ಳುತ್ತದೆ. ಮರಳಿನ ದಿಬ್ಬಗಳ ನಡುವಿನ ಕಿರಿದಾದ ತಗ್ಗಿನಲ್ಲಿ ಅದು ಜೋರಾಗಿ ಕಡಲಿನ ಕಡೆಗೆ ಹರಿಯುತ್ತದೆ. ಅಲ್ಲಿ ಅಲೆ ಮುರಿಯುವುದು ಕಡಿಮೆಯಾದ್ದರಿಂದ ಹೊಸಬರಿಗೆ ಅದೇ ಶಾಂತವಾದ ಜಾಗದಂತೆ ಕಾಣುತ್ತದೆ. ಆ ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ನೇರವಾಗಿ ಈಜಲು ಹೋಗಿ ಸುಸ್ತಾಗುತ್ತಾರೆ. ದಡಕ್ಕೆ ಸಮಾನಾಂತರವಾಗಿ, ಅಡ್ಡಕ್ಕೆ ಈಜಿ ಸೆಳೆತದಿಂದ ಹೊರಬಂದ ಮೇಲೆ ದಡದ ಕಡೆ ತಿರುಗಬೇಕು. ಈಜು ಬಾರದವರು ಮೊಣಕಾಲಿಗಿಂತ ಮೇಲಿನ ನೀರಿಗೆ ಹೋಗಬಾರದು. ಇದು ಸುರತ್ಕಲ್ ಬೀಚಿಗೂ ಸೈ, ಗೋಕರ್ಣಕ್ಕೂ ಸೈ, ಫಿಲಿಪ್ಪೀನ್ಸಿನ ಯಾವ ದ್ವೀಪಕ್ಕೂ ಸೈ.

ಹಾಗೆ ನೋಡಿದರೆ ಎನ್‌ಐಟಿಕೆಗೆ ಬಂದು ಸೇರಿದ ಅರ್ಧದಷ್ಟು ಮಕ್ಕಳು ಬೇರೆ ರಾಜ್ಯದವರು. ಬಿಹಾರದಿಂದಲೋ ಅಸ್ಸಾಮಿನಿಂದಲೋ ಎರಡು ಮೂರು ದಿನ ರೈಲಿನಲ್ಲಿ ಕೂತು, ರಾತ್ರಿ ಗಾಡಿ ಬದಲಿಸಿ, ಭಾಷೆ ಬಾರದ ಊರಿನಲ್ಲಿ ಪೆಟ್ಟಿಗೆ ಹೊತ್ತು ಇಳಿದವರು. ರಜೆಗೆ ಹೋಗುವಾಗ ಬರುವಾಗ ಅದನ್ನೇ ಒಬ್ಬರೇ ಮಾಡುತ್ತಾರೆ. ಓದಿಗಾಗಿ ಮಾಡಿದರೆ ಅದು ಒಂಟಿ ಪ್ರವಾಸವೆಂದು ಯಾರಿಗೂ ಅನಿಸುವುದಿಲ್ಲ, ನೋಡುವುದಕ್ಕಾಗಿ ಮಾಡಿದರೆ ಮಾತ್ರ ಅನಿಸುತ್ತದೆ!

ಇಪ್ಪತ್ತೊಂದರ ಹುಡುಗ

1325ರಲ್ಲಿ ಮೊರಾಕ್ಕೋದ ತಾಂಜಿಯರ್ ಊರಿನ ಒಬ್ಬ ಯುವಕ ಮಕ್ಕಾ ಯಾತ್ರೆಗೆಂದು ಮನೆ ಬಿಟ್ಟ. ಪ್ರಾಯ 21. ಜೊತೆಗಾರರಿಲ್ಲ, ಸೇರಿಕೊಳ್ಳಲು ಒಂಟೆಗಳ ಸಾರ್ಥವೂ ಇಲ್ಲ. ತಂದೆ ತಾಯಿ ಇಬ್ಬರೂ ಬದುಕಿದ್ದರು, ಅಗಲುವಾಗ ಅವರಿಗೂ ತನಗೂ ದುಃಖವಾಯಿತೆಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. ಅವನೇ ಇಬ್ನ್ ಬತೂತ. ಮಕ್ಕಾಕ್ಕೆಂದು ಹೊರಟವನು ದಿಲ್ಲಿ ಸೇರಿ, ಅಲ್ಲಿಂದ 1342ರ ಸುಮಾರಿಗೆ ದಕ್ಷಿಣಕ್ಕೆ ಹೊರಟು ನಮ್ಮ ಕರಾವಳಿಯಲ್ಲಿ ಹಾದುಹೋದ. ಹೊನ್ನಾವರ, ಬಾರ್ಕೂರು, ಮಂಗಳೂರು ಮೂರನ್ನೂ ತನ್ನ ಉಚ್ಚಾರದಲ್ಲಿ ಹೆಸರಿಸಿದ್ದಾನೆ.

ಗೋವೆಯಿಂದ ಕೊಲ್ಲಂವರೆಗಿನ ದಾರಿಯ ಬಗೆಗೆ ಅವನು ಕೊಡುವ ವಿವರ ಇಂದಿನ ತಂದೆತಾಯಂದಿರು ಓದಬೇಕಾದ್ದು. ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ ದೂರಕ್ಕೆ ಮರದ ತಂಗುಮನೆ, ಕೂರಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಆಳು. ಕಳ್ಳತನಕ್ಕೆ ಶಿಕ್ಷೆ ಎಷ್ಟು ಕಠಿಣವೆಂದರೆ ಮರದಿಂದ ಬಿದ್ದ ಕಾಯನ್ನೂ ಒಡೆಯನಲ್ಲದೆ ಬೇರೆಯವರು ಮುಟ್ಟುವುದಿಲ್ಲ. ತಾನು ಕಂಡ ದಾರಿಗಳಲ್ಲಿ ಇದಕ್ಕಿಂತ ನಿರ್ಭಯವಾದದ್ದು ಇಲ್ಲವೆಂಬ ಅರ್ಥದ ಮಾತು ಅವನದು. ಹೊನ್ನಾವರದಲ್ಲಿ ಹುಡುಗರಿಗೆ 23 ಶಾಲೆಗಳೂ ಹುಡುಗಿಯರಿಗೆ 13 ಶಾಲೆಗಳೂ ಇದ್ದವೆಂದು ಎಣಿಸಿ ಬರೆದಿದ್ದಾನೆ. ಆರೂಮುಕ್ಕಾಲು ಶತಮಾನದ ಹಿಂದಿನ ಮಾತು! ಪ್ರವಾಸಿಗಳ ವರ್ಣನೆಯಲ್ಲಿ ಉತ್ಪ್ರೇಕ್ಷೆ ಸೇರುವುದು ಸಹಜ. ಆದರೂ ಲೋಕ ಸುತ್ತಿದವನ ಕಣ್ಣಿಗೆ ಇದು ವಿಶೇಷವಾಗಿ ಕಂಡಿತೆಂಬುದರಲ್ಲಿ ಸಂಶಯವಿಲ್ಲ.

ಇದೇ ಬತೂತನ ಕತೆಗೆ ಇನ್ನೊಂದು ಮಗ್ಗುಲಿದೆ. ಸುಮಾರು 24 ವರ್ಷಗಳ ಬಳಿಕ ಅವನು ಊರಿನ ಕಡೆ ತಿರುಗಿದಾಗ, ತಂದೆ ತೀರಿಕೊಂಡು 15 ವರ್ಷವಾಯಿತೆಂಬ ಸುದ್ದಿ ದಮಾಸ್ಕಸ್‌ನಲ್ಲಿ ತಿಳಿಯಿತು. ತಾಯಿ ಪ್ಲೇಗಿಗೆ ತುತ್ತಾಗಿದ್ದಳು, ಮಗ ಮನೆ ಮುಟ್ಟುವ ಕೆಲವೇ ಕಾಲದ ಮುಂಚೆ. ಇಂದು ಫೋನು ಕಿಸೆಯಲ್ಲೇ ಇದ್ದೂ ಎರಡು ದಿನ ಮನೆಗೆ ಮಾತಾಡದ ಮಕ್ಕಳು ಈ ಭಾಗವನ್ನು ಓದಿದರೆ ನಷ್ಟವಿಲ್ಲ.

1623ರಲ್ಲಿ ಇದೇ ಸೀಮೆಗೆ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಒಂಟಿಯಾಗಿರಲಿಲ್ಲ, ಆದರೆ ನಿಧಾನವಾಗಿ ಹೋದ. ಗೇರುಸೊಪ್ಪೆಯಿಂದ ಘಟ್ಟ ಹತ್ತುವಾಗ ಒಂದು ಗುಡಿಯ ಜಗಲಿಯಲ್ಲಿ ಕೆಲವು ಹುಡುಗರು ನೆಲಕ್ಕೆ ನಯವಾದ ಮರಳು ಹರಡಿ, ಬೆರಳಿನಿಂದ ಅಂಕಿ ಬರೆದು, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ಬೆರಗಾದ. ಮೇಷ್ಟ್ರಿಲ್ಲದೆ ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತಿದ್ದರು. ಮುಂದೆ ಉಳ್ಳಾಲದ ರಾಣಿಯನ್ನು ಕಾಣಲು ಹೋದವನಿಗೆ ಆಕೆ ಸಿಕ್ಕಿದ್ದು ಅರಮನೆಯಲ್ಲಲ್ಲ, ಬರಿಗಾಲಿನಲ್ಲಿ ನಡೆದು ನೀರಿನ ಕಾಲುವೆಯ ಕೆಲಸ ನೋಡಲು ಹೊರಟಿದ್ದಾಗ ದಾರಿಯಲ್ಲಿ! ಅವಸರದಲ್ಲಿ ಹೋದವರಿಗೆ ಇಂಥದ್ದೆಲ್ಲ ಸಿಗುವುದಿಲ್ಲ.

ಹಳಿಯ ಮೇಲಿನ ಪಾಠ

ಅಜ್ಜಂದಿರ ಕಾಲದಲ್ಲಿ ಸುರತ್ಕಲ್‌ನಿಂದ ಕಾರವಾರಕ್ಕೆ ಹೋಗುವುದೆಂದರೆ ನದಿಗಳನ್ನು ಎಣಿಸುತ್ತ ಹೋಗುವುದು. ಒಂದೊಂದು ಹೊಳೆಗೂ ಕಡವು, ಒಂದೊಂದು ಕಡವಿನಲ್ಲೂ ದೋಣಿಗಾಗಿ ಕಾಯುವುದು. ಹೆದ್ದಾರಿಗೆ ಸೇತುವೆಗಳಾದ ಮೇಲೆ ಆ ಕಷ್ಟ ಹೋಯಿತು. ಕೊಂಕಣ ರೈಲ್ವೆ ಬಂದ ಮೇಲೆ ಖರ್ಚೂ ಇಳಿಯಿತು. 1990ರಲ್ಲಿ, ಮಂಗಳೂರಿನವರೇ ಆದ ಜಾರ್ಜ್ ಫೆರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ ನಿಗಮ ಸ್ಥಾಪನೆಯಾಗಿ, ಇ. ಶ್ರೀಧರನ್ ಅದರ ನೇತೃತ್ವ ವಹಿಸಿ, 1993ರಲ್ಲಿ ಮಂಗಳೂರು–ಉಡುಪಿ ನಡುವೆ ರೈಲು ಓಡಿತು. ರೋಹಾದಿಂದ ಮಂಗಳೂರಿನ ತೋಕೂರಿನವರೆಗಿನ 741 ಕಿ.ಮೀ. ಪೂರ್ತಿ ದಾರಿಯಲ್ಲಿ ಪ್ರಯಾಣಿಕರ ಗಾಡಿ ಓಡಲಾರಂಭಿಸಿದ್ದು 1998ರ ಜನವರಿ 26ರಂದು.

ಸುರತ್ಕಲ್‌ನಿಂದ ಕಾರವಾರ ಸುಮಾರು ಇನ್ನೂರೈವತ್ತು ಕಿಲೋಮೀಟರು. ಮಂಗಳೂರು–ಮಡಗಾಂವ್ ನಡುವೆ ಸಣ್ಣಪುಟ್ಟ ಸ್ಟೇಶನ್ನುಗಳಲ್ಲೆಲ್ಲ ನಿಲ್ಲುವ ಗಾಡಿಯ ಸಾಮಾನ್ಯ ಟಿಕೇಟಿಗೆ ಒಂದು ಹೋಟೆಲಿನ ಊಟದಷ್ಟು ಹಣವೂ ಬೇಕಾಗುವುದಿಲ್ಲ. ಕಿಟಕಿ ಬದಿ ಸಿಕ್ಕರೆ ಶಾಂಭವಿ, ಸ್ವರ್ಣಾ, ಸೀತಾ, ಪಂಚಗಂಗಾವಳಿ, ಶರಾವತಿ, ಅಘನಾಶಿನಿ, ಗಂಗಾವಳಿ ಒಂದೊಂದಾಗಿ ಕಾಲಡಿ ಹಾದುಹೋಗುತ್ತವೆ. ಹೊನ್ನಾವರದ ಹತ್ತಿರ ಶರಾವತಿಯ ಮೇಲಿನ ಸೇತುವೆ ಎರಡು ಕಿ.ಮೀ. ಉದ್ದ, ಈ ಇಡೀ ಮಾರ್ಗದಲ್ಲೇ ಅತಿ ಉದ್ದದ್ದು.

ಆದರೆ ಇಲ್ಲೊಂದು ಗುಟ್ಟುಂಟು. ಕೊಂಕಣ ರೈಲ್ವೆಯ ಸ್ಟೇಶನ್ನುಗಳು ಅನೇಕ ಕಡೆ ಊರಿನಿಂದ ಒಳಗೆ, ಗುಡ್ಡದ ಬದಿಯಲ್ಲಿವೆ. ಉಡುಪಿಯದು ಇಂದ್ರಾಳಿಯಲ್ಲಿ, ಕಾರವಾರದ್ದು ಶಿರವಾಡದಲ್ಲಿ, ಗೋಕರ್ಣ ರೋಡ್ ಎಂಬ ಸ್ಟೇಶನ್ನಿನಿಂದ ಗೋಕರ್ಣ ಪೇಟೆಗೆ ಸುಮಾರು ಹತ್ತು ಕಿ.ಮೀ. ಇಳಿದ ಕೂಡಲೇ ರಿಕ್ಷಾ ಹತ್ತಿದರೆ ಅಲ್ಲಿಯವರೆಗಿನ ರೈಲಿನ ಹಣಕ್ಕಿಂತ ರಿಕ್ಷಾದ ಬಾಡಿಗೆಯೇ ಹೆಚ್ಚಾದೀತು. ಹತ್ತು ನಿಮಿಷ ನಡೆದು ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಅಂಗಡಿಯವರಲ್ಲಿ ಕೇಳುವವನು, ಒಂದೇ ಊರಿಗೆ ಹೋಗುವ ಮೂವರು ಅಪರಿಚಿತರೊಡನೆ ರಿಕ್ಷಾ ಹಂಚಿಕೊಳ್ಳುವವನು ಅರ್ಧ ಹಣ ಉಳಿಸುತ್ತಾನೆ. ಕಡಿಮೆ ಖರ್ಚಿನ ಪ್ರವಾಸದ ಗುಟ್ಟೆಲ್ಲ ಈ ಕೇಳುವುದರಲ್ಲೇ ಇದೆ. ನಾಚಿಕೆಯವರಿಗೆ ಪ್ರವಾಸ ದುಬಾರಿ.

ಉಡುಪಿಯಲ್ಲಿ ಮಠದ ಊಟ ಉಂಟು, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಉಂಟು. ಜ್ವಾಲಾಮುಖಿಯ ಲಾವಾ ತಣಿದು ಕಂಬಗಳಾಗಿ ನಿಂತ ಆ ಬಂಡೆಗಳನ್ನು 1979ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ಮಳೆಗಾಲದಲ್ಲಿ ದೋಣಿ ಇಲ್ಲ ಎಂಬುದನ್ನು ತಿಳಿಯದೆ ಜುಲೈಯಲ್ಲಿ ಹೋಗಿ ಮರಳುವವರು ಪ್ರತಿವರ್ಷ ಇದ್ದಾರೆ.

ಭಟ್ಕಳವನ್ನು ಜನ ರೈಲಿನಲ್ಲಿ ದಾಟಿಹೋಗುತ್ತಾರೆ, ಪಕ್ಕದ ಮುರ್ಡೇಶ್ವರದ 123 ಅಡಿಯ ಶಿವನನ್ನೂ 237 ಅಡಿಯ ಗೋಪುರವನ್ನೂ ನೋಡುವ ಅವಸರದಲ್ಲಿ. ಎತ್ತರ ನೋಡುವವರು ನೋಡಲಿ. ಆದರೆ 16ನೇ ಶತಮಾನದ ಖೇತಪೈ ನಾರಾಯಣ ದೇಗುಲದ ಕಲ್ಲಿನ ಜಾಲಂಧ್ರ, ಗೋಡೆಯ ಮೇಲಿನ ಕೆತ್ತನೆ, ಜಟ್ಟಪ್ಪನ ಬಸದಿಯ ಇಳಿಜಾರು ಕಲ್ಲಿನ ಮಾಡು, ಹಳೆಯ ಮನೆಗಳ ಓಣಿಗಳು ಇವನ್ನು ಕಾಣಲು ಅರ್ಧ ದಿನ ಕೊಟ್ಟವರಿಗೆ ಸಿಗುವಷ್ಟು ಗೋಪುರದ ಲಿಫ್ಟಿನಲ್ಲಿ ಸಿಗಲಿಕ್ಕಿಲ್ಲ.

ಕುಮಟೆಯ ಹತ್ತಿರ ಮಿರ್ಜಾನದ ಕೋಟೆ. ಪೋರ್ಚುಗೀಸರು ಕರಿಮೆಣಸಿನ ರಾಣಿಯೆಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಡನೆ ಸೇರಿಕೊಂಡ ಜಾಗ. ಗೋಕರ್ಣದಲ್ಲಿ ಮಹಾಬಲೇಶ್ವರನ ಕೇರಿ ಒಂದು ಲೋಕ, ಗುಡ್ಡದಾಚೆಯ ಕುಡ್ಲೆ ಮತ್ತು ಓಂ ಬೀಚುಗಳು ಇನ್ನೊಂದು. ಬೆನ್ನಿಗೆ ಚೀಲ ಕಟ್ಟಿಕೊಂಡ ಪರದೇಶಿಗಳನ್ನು ಕರ್ನಾಟಕದ ಜನ ಅತಿ ಹತ್ತಿರದಿಂದ ನೋಡಿದ ಊರುಗಳಲ್ಲಿ ಹಂಪಿಯ ಜೊತೆ ಇದೂ ಒಂದು. ಅವರು ಮೂರು ತಿಂಗಳು ಹೇಗೆ ಕಳೆಯುತ್ತಾರೆ, ಬಟ್ಟೆ ಎಷ್ಟು ತರುತ್ತಾರೆ, ಎಲ್ಲಿ ಉಣ್ಣುತ್ತಾರೆ ಎಂದು ಗಮನಿಸುವುದೇ ಒಂದು ತರಬೇತಿ. ಗೋಕರ್ಣದ ದಕ್ಷಿಣಕ್ಕೆ ತದಡಿಯ ಕಡವಿನಲ್ಲಿ ದೋಣಿ ಹತ್ತಿ ಅಘನಾಶಿನಿ ದಾಟಿದರೆ ಅಜ್ಜನ ಕಾಲದ ಪ್ರಯಾಣ ಹೇಗಿತ್ತೆಂಬುದೂ ಗೊತ್ತಾಗುತ್ತದೆ.

ಅಂಕೋಲೆಗೆ 1930ರ ಉಪ್ಪಿನ ಸತ್ಯಾಗ್ರಹದ ನೆನಪು. ಕಾರವಾರಕ್ಕೆ ರವೀಂದ್ರನಾಥ ಠಾಕೂರರ ನೆನಪು. ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಾಗ ಕವಿಗೆ ಇಪ್ಪತ್ತೆರಡರ ಪ್ರಾಯ. ತಮ್ಮ ಆರಂಭದ ನಾಟಕಗಳಲ್ಲೊಂದನ್ನು ಬರೆದದ್ದು ಈ ಕಡಲ ದಂಡೆಯಲ್ಲಿ.

ಚೀಲದ ತೂಕ, ಹಣದ ಲೆಕ್ಕ

ಚೀಲ 7 ಕಿಲೋ ಮೀರಬಾರದು. ಈ ಅಂಕಿ ಸುಮ್ಮನೆ ಬಂದದ್ದಲ್ಲ, ಕಡಿಮೆ ದರದ ಹೆಚ್ಚಿನ ವಿಮಾನಗಳಲ್ಲಿ ಕೈಯಲ್ಲಿ ಒಯ್ಯಲು ಬಿಡುವುದು ಇಷ್ಟೇ. ಮೀರಿದ್ದಕ್ಕೆ ಕೊಡಬೇಕಾದ ಹಣ ಕೆಲವೊಮ್ಮೆ ಎರಡು ರಾತ್ರಿಯ ವಸತಿಗೆ ಸಾಕಾಗುತ್ತದೆ. ಕಾರವಾರದ ಪ್ರವಾಸಕ್ಕೂ ಅದೇ ಅಳತೆ ಇಟ್ಟುಕೊಂಡರೆ ರೂಢಿಯಾಗುತ್ತದೆ. ಎರಡು ಜೊತೆ ಬಟ್ಟೆ, ದಿನಾಲೂ ಒಗೆದುಕೊಳ್ಳಲು ಒಂದು ತುಂಡು ಸಾಬೂನು, ಬೈರಾಸು, ಜ್ವರಕ್ಕೂ ಭೇದಿಗೂ ಮಾತ್ರೆ, ಓಆರ್‌ಎಸ್ ಪೊಟ್ಟಣ, ಟಾರ್ಚು, ಗುರುತಿನ ಚೀಟಿಯ ಎರಡು ನಕಲು. ಅಮ್ಮ ಕಟ್ಟಿಕೊಟ್ಟ ಅವಲಕ್ಕಿಗೂ ಒಂದು ಮೂಲೆ ಇರಲಿ, ಒಂದು ಹೊತ್ತಿನ ಊಟ ಅದರಲ್ಲಿ ಸಾಗುತ್ತದೆ.

ಹಣವನ್ನು ಒಂದೇ ಕಡೆ ಇಡಬಾರದೆಂಬುದು ಎಲ್ಲರಿಗೂ ಗೊತ್ತು. ಪಾಲಿಸುವವರು ಕಡಿಮೆ. ಫೋನಿನಲ್ಲೇ ಹಣ ಕೊಡುವುದು ರೂಢಿಯಾದ ಮೇಲಂತೂ ಕಿಸೆಯಲ್ಲಿ ನೂರು ರೂಪಾಯಿಯೂ ಇಲ್ಲದೆ ಹೊರಡುವವರಿದ್ದಾರೆ. ಫೋನಿನ ಬ್ಯಾಟರಿ ಸತ್ತರೆ ಟಿಕೇಟೂ ಸತ್ತಿತು, ಹಣವೂ ಸತ್ತಿತು, ಅಪ್ಪನ ನಂಬರೂ ಸತ್ತಿತು! ಎರಡು ನಂಬರುಗಳನ್ನಾದರೂ ಬಾಯಿಪಾಠ ಮಾಡಿಕೊಳ್ಳಬೇಕು. ದಿನದ ಕೊನೆಗೆ ಖರ್ಚನ್ನು ಸಣ್ಣ ಪುಸ್ತಕದಲ್ಲಿ ಬರೆದಿಟ್ಟರೆ ಮೂರನೆಯ ದಿನಕ್ಕೆ ಎಲ್ಲಿ ಸೋರುತ್ತಿದೆ ಎಂಬುದು ತಾನೇ ಕಾಣುತ್ತದೆ. ಹೆಚ್ಚಾಗಿ ಅದು ಬಾಟಲಿ ನೀರು, ತಂಪು ಪಾನೀಯ ಮತ್ತು ರಿಕ್ಷಾ.

ಮಗಳು ಹೊರಟರೆ ಲೆಕ್ಕ ಸ್ವಲ್ಪ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸರಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೇಟಿಲ್ಲ. ಆದರೆ ಮಂಗಳೂರು, ಉಡುಪಿ, ಕುಂದಾಪುರದ ಹೆದ್ದಾರಿಯಲ್ಲಿ ಖಾಸಗಿ ಬಸ್ಸುಗಳದ್ದೇ ಕಾರುಬಾರು. ಯೋಜನೆಯ ಪೂರ್ತಿ ಲಾಭ ಸಿಗುವುದು ಭಟ್ಕಳ ದಾಟಿ ಉತ್ತರ ಕನ್ನಡಕ್ಕೆ ಹೋದ ಮೇಲೆ. ರೈಲಿನಲ್ಲಿ ತೊಂದರೆಯಾದರೆ 139, ಎಲ್ಲಿಯಾದರೂ ತುರ್ತು ಬಂದರೆ 112. ವಸತಿಗೆ ಕತ್ತಲಾಗುವ ಮೊದಲೇ ತಲುಪುವಂತೆ ಗಾಡಿ ಆರಿಸಬೇಕು. ನಿಜವಾಗಿ ಈ ನಿಯಮ ಹುಡುಗರಿಗೂ ಬೇಕು. ಹೊಸ ಊರಿನಲ್ಲಿ ರಾತ್ರಿ ಹನ್ನೊಂದಕ್ಕೆ ಇಳಿದವನು ಸಿಕ್ಕ ರೂಮಿಗೆ ಕೇಳಿದಷ್ಟು ಕೊಡುತ್ತಾನೆ.

ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ ಲೇಖಕಿ ನೇಮಿಚಂದ್ರ ಗೆಳತಿಯೊಬ್ಬಳ ಜೊತೆ ದಕ್ಷಿಣ ಅಮೆರಿಕದ ಪೆರುವಿಗೆ ಹೋಗಿ ಬಂದು ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಎಂಬ ಪುಸ್ತಕ ಬರೆದರು. ಪ್ರವಾಸಿ ಕಂಪೆನಿಯ ಬಾವುಟದ ಹಿಂದೆ ಹೋದವರಲ್ಲ. ಮಗಳಿಗೆ ‘ಆಗುವುದಿಲ್ಲ’ ಎಂದು ಹೇಳುವ ಮೊದಲು ಆ ಪುಸ್ತಕವನ್ನು ಮನೆಯಲ್ಲಿ ಎಲ್ಲರೂ ಓದಿದರೆ ಚರ್ಚೆಗೆ ಒಂದು ನೆಲೆ ಸಿಗುತ್ತದೆ.

ಅಪ್ಪ ಅಮ್ಮ ಕೇಳಬೇಕಾದ್ದು ‘ಯಾಕೆ’ ಎಂದಲ್ಲ, ‘ಯಾವಾಗ, ಎಲ್ಲಿ’ ಎಂದು. ಯಾವ ದಿನ ಯಾವ ಊರು, ಯಾವ ಗಾಡಿ, ಉಳಿಯುವ ಜಾಗದ ಫೋನು ಯಾವುದು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿ ಹೋಗುವ ಮಗನಿಗೆ ಹೆಚ್ಚಿನ ಮನೆಗಳಲ್ಲಿ ಅನುಮತಿ ಸಿಗುತ್ತದೆ. ದಿನಕ್ಕೆ ಎರಡು ಸಲ, ಗೊತ್ತಾದ ಹೊತ್ತಿಗೆ, ಎರಡು ಸಾಲಿನ ಸಂದೇಶ ಸಾಕು. ಗಂಟೆಗೊಮ್ಮೆ ಫೋನು ಮಾಡುವ ತಾಯಿಯೂ ಒಂದು ದೃಷ್ಟಿಯಲ್ಲಿ ಮಗನ ಜೊತೆ ಪ್ರವಾಸಕ್ಕೆ ಹೋದಂತೆಯೇ. ಆಗ ಅದು ಒಂಟಿ ಪ್ರವಾಸವಲ್ಲ.

ಏಳು ಸಾವಿರ ದ್ವೀಪಗಳ ನಾಡು

ಇಷ್ಟಾದ ಮೇಲೆ ಫಿಲಿಪ್ಪೀನ್ಸ್. 7,641 ದ್ವೀಪಗಳ ದೇಶ. ಕರಾವಳಿಯವರಿಗೆ ಅಲ್ಲಿ ಹೊಸತೆನಿಸದ ಸಂಗತಿಗಳು ಬೇಕಾದಷ್ಟು: ತೆಂಗು, ಮೀನು, ಸೆಕೆ, ಅನ್ನ, ಮಳೆ. ಭಾಷೆಯಲ್ಲೂ ಆಶ್ಚರ್ಯ ಕಾದಿದೆ. ತಗಾಲೊಗ್ ಭಾಷೆಯಲ್ಲಿ ಅಧ್ಯಾಪಕನಿಗೆ ‘ಗುರೊ’, ಮೋರೆಗೆ ‘ಮುಖಾ’, ವನದೇವತೆಗೆ ‘ದಿವಾತಾ’, ಬಡತನಕ್ಕೆ ‘ದುಖಾ’. ಸಂಸ್ಕೃತದ ಶಬ್ದಗಳು ಮಲಯ ದ್ವೀಪಗಳ ಮೂಲಕ ಅಲ್ಲಿಯವರೆಗೆ ತೇಲಿಹೋಗಿವೆ. ಹಿರಿಯರೊಡನೆ ಮಾತಾಡುವಾಗ ಮಾತಿನ ಕೊನೆಗೆ ‘ಪೊ’ ಸೇರಿಸಬೇಕು, ನಮ್ಮ ‘ರೀ’ ಇದ್ದಂತೆ. ಅದನ್ನು ಕಲಿತವನಿಗೆ ಅರ್ಧ ಊರು ನೆಂಟರಾಗುತ್ತದೆ. ಇಂಗ್ಲಿಷ್ ಅಲ್ಲಿನ ಅಧಿಕೃತ ಭಾಷೆಗಳಲ್ಲೊಂದಾದ್ದರಿಂದ ದಾರಿ ಕೇಳಲು ತೊಂದರೆಯಿಲ್ಲ.

ಇಬ್ನ್ ಬತೂತ ತನ್ನ ಗ್ರಂಥದಲ್ಲಿ ‘ತವಾಲಿಸಿ’ ಎಂಬ ನಾಡನ್ನೂ ಅಲ್ಲಿನ ಉರ್ದುಜಾ ಎಂಬ ವೀರ ರಾಜಕುಮಾರಿಯನ್ನೂ ವರ್ಣಿಸುತ್ತಾನೆ. ಅದು ಫಿಲಿಪ್ಪೀನ್ಸಿನ ಪಂಗಾಸಿನಾನ್ ಪ್ರಾಂತವೇ ಎಂದು ಅಲ್ಲಿಯವರ ಅಭಿಮಾನ. ವಿದ್ವಾಂಸರು ಒಪ್ಪುವುದಿಲ್ಲ. ಅದಿರಲಿ, ಹೊನ್ನಾವರ ನೋಡಿದವನೇ ತಮ್ಮ ನಾಡನ್ನೂ ನೋಡಿದ್ದನೆಂದು ಅಲ್ಲಿನ ಜನ ನಂಬಿದರೆ ನಮಗೇನೂ ನಷ್ಟವಿಲ್ಲ.

ಮನಿಲಾದ ಬೀದಿಯಲ್ಲಿ ಕಾಣುವ ಜೀಪ್ನಿ ಎಂಬ ಬಣ್ಣ ಬಣ್ಣದ ಗಾಡಿ ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕದ ಸೈನ್ಯ ಬಿಟ್ಟುಹೋದ ಜೀಪುಗಳಿಂದ ಹುಟ್ಟಿದ್ದು. ಉದ್ದ ಮಾಡಿ, ಎದುರು ಬದುರು ಸೀಟು ಹಾಕಿ, ಮೇಲೆ ಚಿತ್ತಾರ ಬಿಡಿಸಿದರು. ನಮ್ಮ ಕರಾವಳಿಯ ಖಾಸಗಿ ಬಸ್ಸುಗಳ ಹೆಸರು, ಹಾಡು, ಅಲಂಕಾರ ನೋಡಿ ಬೆಳೆದವರಿಗೆ ಕೂಡಲೇ ಆಪ್ತವೆನಿಸೀತು. ಹಿಂದೆ ಕೂತವನು ಹಣವನ್ನು ಮುಂದಿನವರ ಕೈಗೆ ಕೊಡುತ್ತಾನೆ, ಕೈಯಿಂದ ಕೈಗೆ ದಾಟಿ ಅದು ಡ್ರೈವರನಿಗೆ ಮುಟ್ಟುತ್ತದೆ, ಚಿಲ್ಲರೆ ಅದೇ ದಾರಿಯಲ್ಲಿ ಹಿಂದೆ ಬರುತ್ತದೆ. ಇಳಿಯಬೇಕಾದಾಗ ‘ಪಾರಾ ಪೊ’ ಎಂದರೆ ಸಾಕು. 2017ರಿಂದ ಹಳೆಯ ಜೀಪ್ನಿಗಳ ಜಾಗಕ್ಕೆ ಹೊಸ ವಾಹನಗಳನ್ನು ತರುವ ಯೋಜನೆ ನಡೆದಿದೆ, ನೋಡಬೇಕಾದವರು ತಡಮಾಡದಿರುವುದು ಲೇಸು. ನಗರದೊಳಗಿನ ಮೇಲುಸೇತುವೆಯ ರೈಲು 1984ರಲ್ಲಿ ಆರಂಭವಾದದ್ದು, ಬೆಂಗಳೂರಿನ ಮೆಟ್ರೋಗಿಂತ 27 ವರ್ಷ ಹಿರಿಯ.

ಹಳೆಯ ಕೋಟೆಯೊಳಗಿನ ಊರು ಇಂತ್ರಾಮುರೋಸ್‌ನಲ್ಲಿ ಕಾಲ್ನಡಿಗೆಯೇ ಸರಿ. ಸ್ವಾತಂತ್ರ್ಯದ ಕನಸು ಬಿತ್ತಿದ ವೈದ್ಯ ಹಾಗೂ ಕಾದಂಬರಿಕಾರ ಹೋಸೆ ರಿಸಾಲ್‌ನನ್ನು ಸ್ಪೇನಿನವರು 1896ರ ಡಿಸೆಂಬರ್ 30ರಂದು ಗುಂಡಿಕ್ಕಿ ಕೊಲ್ಲುವ ಮೊದಲು ಇಟ್ಟದ್ದು ಇಲ್ಲಿನ ಸಾಂತಿಯಾಗೊ ಕೋಟೆಯಲ್ಲಿ. ಸೆಬು ನಗರದ ಎದುರಿನ ಮಕ್ತಾನ್ ದ್ವೀಪದಲ್ಲಿ 1521ರ ಏಪ್ರಿಲ್ 27ರಂದು ಲಾಪುಲಾಪು ಎಂಬ ಸ್ಥಳೀಯ ನಾಯಕನ ಪಡೆ ಮೆಗಲನ್‌ನನ್ನು ಕೊಂದಿತು. ಪಠ್ಯಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿಯುವ ಸಂಗತಿಗೆ ಅಲ್ಲಿ ಇಡೀ ಊರೇ ಸಾಕ್ಷಿ ನಿಂತಿದೆ. ಉತ್ತರಕ್ಕೆ ಬಾಗಿಯೊ, ಅಮೆರಿಕನ್ನರು ಕಟ್ಟಿದ ಬೆಟ್ಟದ ತಂಪು ಊರು, ಬಸ್ಸಿನಲ್ಲಿ ಐದಾರು ತಾಸು. ಇನ್ನೂ ಉತ್ತರಕ್ಕೆ ವಿಗಾನ್, ಸ್ಪೇನಿನ ಕಾಲದ ಕಲ್ಲುಹಾಸಿನ ಬೀದಿಗಳಿಗಾಗಿ 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಊರು. ರಾತ್ರಿ ಬಸ್ಸಿನಲ್ಲಿ ಹೋದರೆ ಒಂದು ರಾತ್ರಿಯ ವಸತಿ ಉಳಿಯಿತು. ಒಂದು ಪೆಸೊ ಎಂದರೆ ಸುಮಾರು ಒಂದೂವರೆ ರೂಪಾಯಿ. ಆರೆಂಟು ಮಂಚಗಳಿರುವ ಹಾಸ್ಟೆಲು ಕೋಣೆಯಲ್ಲಿ ಒಂದು ಮಂಚ ಬಾಡಿಗೆಗೆ ಹಿಡಿದು, ಪಾತ್ರೆ ತೋರಿಸಿ ಬಡಿಸಿಸಿಕೊಳ್ಳುವ ಕರಿಂದೆರಿಯಾ ಎಂಬ ಸಣ್ಣ ಹೋಟೆಲುಗಳಲ್ಲಿ ಉಂಡರೆ ದಿನದ ಖರ್ಚು ಕೈಗೆ ಹತ್ತುವಂಥದ್ದೇ. ಸಿಂಹಪಾಲು ವಿಮಾನದ ಟಿಕೇಟಿನದ್ದು.

ಅಮ್ಮನ ಊಟದ ಪ್ರಶ್ನೆ ಇಲ್ಲಿ ನಿಜವಾಗುತ್ತದೆ. ಸಸ್ಯಾಹಾರಿಗಳಿಗೆ ಅದು ಸುಲಭದ ದೇಶವಲ್ಲ. ಬರಿಯ ತರಕಾರಿಯಂತೆ ಕಾಣುವ ಪಿನಕ್ಬೆತ್ ಎಂಬ ಪಲ್ಯಕ್ಕೂ ಸಿಗಡಿಯ ಹುಳಿಬರಿಸಿದ ಚಟ್ನಿ ಬೆರೆಸಿರುತ್ತಾರೆ, ಸಾರಿಗೆ ಮೀನಿನ ರಸ ಹೊಯ್ಯುತ್ತಾರೆ. ಹಂದಿ ಮಾಂಸ ಎಲ್ಲೆಲ್ಲೂ. ಮೀನು ತಿನ್ನುವ ಕರಾವಳಿಯ ಹುಡುಗನಿಗೆ ಚಿಂತೆಯಿಲ್ಲ. ಉಳಿದವರು ಅನ್ನ, ಮೊಟ್ಟೆ, ಬಾಳೆಹಣ್ಣು, ಮಾವಿನ ಹಣ್ಣಿನ ಮೇಲೆ ಕೆಲವು ದಿನ ತಳ್ಳಲು ಸಿದ್ಧರಿರಬೇಕು. ಇಲ್ಲವೇ ಚೀಲದಲ್ಲಿ ಅವಲಕ್ಕಿಯ ಮೂಲೆಯನ್ನು ಸ್ವಲ್ಪ ದೊಡ್ಡದು ಮಾಡಬೇಕು.

ಹೋಗುವ ಕಾಲ ಡಿಸೆಂಬರಿನಿಂದ ಮೇ. ಜೂನಿನಿಂದ ನವೆಂಬರಿನವರೆಗೆ ಚಂಡಮಾರುತಗಳು ಒಂದರ ಹಿಂದೊಂದು ಬರುತ್ತವೆ. ಗಾಳಿಯ ಎಚ್ಚರಿಕೆ ಬಂದ ಕೂಡಲೇ ದ್ವೀಪಗಳ ನಡುವಿನ ಹಡಗುಗಳನ್ನು ನಿಲ್ಲಿಸುತ್ತಾರೆ, ಬಂದರಿನ ನೆಲದ ಮೇಲೆ ಎರಡು ರಾತ್ರಿ ಮಲಗಬೇಕಾದೀತು. ಇದಕ್ಕೆ ಯಾರನ್ನೂ ಬೈದು ಪ್ರಯೋಜನವಿಲ್ಲ. ವೀಸಾ ಇಲ್ಲದೆ ಸಿಗುವ 14 ದಿನಗಳನ್ನು ಮುಂದುವರಿಸಿ ಕೊಡುವ ಪದ್ಧತಿಯೂ ಇಲ್ಲ. ಆದ್ದರಿಂದ 14 ದಿನಕ್ಕೆ 14 ದಿನದ ಯೋಜನೆ ಹಾಕದೆ, ಕೊನೆಯ ಎರಡು ದಿನವನ್ನು ಖಾಲಿ ಬಿಟ್ಟು, ಮರಳುವ ವಿಮಾನ ಹತ್ತುವ ದ್ವೀಪಕ್ಕೆ ಮೊದಲೇ ಬಂದು ಸೇರಿಕೊಳ್ಳುವುದು ಕ್ಷೇಮ. ಬರುವ 72 ಗಂಟೆಯೊಳಗೆ ತುಂಬಬೇಕಾದ ‘ಇ-ಟ್ರಾವೆಲ್’ ಎಂಬ ನೋಂದಣಿಗೆ ಹಣವಿಲ್ಲ. ಹಣ ಕೇಳುವ ತಾಣ ಕಂಡರೆ ಅದು ಸರಕಾರದ್ದಲ್ಲ.